ಹಾರ್ಟ್ ದಾಸಮ್ಮ

ದಾಸಮ್ಮ ಯಾವ ರೋಗಿಗೂ ‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂದು ಹೇಳಿದ್ದನ್ನು ಕೇಳಿದವರಿಲ್ಲ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋದವರು ಮೊದಲು ಆಡುವ ಮಾತೇ ಅದು. ಮೋಸಂಬಿಯ ಚೀಲವನ್ನು ಕೆಳಗಿಡುವಷ್ಟರಲ್ಲಿ ಬಾಯಿಂದ ಉದುರಿರುತ್ತದೆ. ಎದೆ ಸೀಳಿಸಿಕೊಂಡು, ಹೊಲಿಸಿಕೊಂಡು, ಪ್ರಾಣವನ್ನೆಲ್ಲ ಕಣ್ಣಿಗೆ ತಂದುಕೊಂಡು ಮಲಗಿದವನೊಬ್ಬ ‘ನಾನು ಉಳೀತೀನಾ ದಾಸಮ್ಮ?’ ಎಂದು ಕೇಳಿದರೆ, ಆಕೆ ಅವನ ಕಣಕಾಲಿನ ಊತವನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ಮತ್ತೆ ತುಂಬಿಕೊಳ್ಳುವವರೆಗೂ ನೋಡುತ್ತಿದ್ದು, “ಊತ ನೆನ್ನೆಗಿಂತ ಇವತ್ತು ಕಮ್ಮಿ ಐತೆ. ನಾಳೆದು ನಾಳೆ ನೋಡಾನ” ಎನ್ನುವಳು. ಸಾಂತ್ವನವೆಂಬ ಸಾಮಗ್ರಿ ಆಕೆಯ ಬಳಿ ಇರಲಿಲ್ಲ. ಆಕೆಗೆ ಗೊತ್ತಿದ್ದದ್ದು ಒಂದು ದಿನದ ಸತ್ಯ ಮಾತ್ರ, ಮತ್ತು ಅದನ್ನು ಆಕೆ ತೂಕ ತಪ್ಪದೆ ಹೇಳುತ್ತಿದ್ದಳು.

ಬೆಂಗಳೂರಿನ ದೊಡ್ಡ ಹೃದ್ರೋಗದ ಆಸ್ಪತ್ರೆಯೊಂದರಲ್ಲಿ ಹತ್ತೊಂಬತ್ತು ವರ್ಷ ಆಯಾ ಆಗಿದ್ದು, ಗಂಡ ತೀರಿಕೊಂಡ ಮೇಲೆ ದೊಡ್ಡೇರಿಯ ಪಕ್ಕದ ತನ್ನ ಹಳ್ಳಿಗೆ ಮರಳಿದ ಹೆಂಗಸು ಆಕೆ. ಶಸ್ತ್ರಚಿಕಿತ್ಸೆಯಾದವರನ್ನು ವಾರ್ಡಿನ ಉದ್ದನೆಯ ಓಣಿಯಲ್ಲಿ ಕೈಹಿಡಿದು ನಡೆಸಿ ನಡೆಸಿ ಆಕೆಯ ಕಾಲುಗಳು ಬೇರೆ ನಡಿಗೆಯನ್ನೇ ಮರೆತಿದ್ದವು. ಒಬ್ಬಳೇ ಹೋಗುವಾಗಲೂ ಅರ್ಧ ಹೆಜ್ಜೆ ಇಟ್ಟು, ಒಂದು ಉಸಿರಿನಷ್ಟು ಹೊತ್ತು ತಡೆದು, ಮತ್ತೆ ಅರ್ಧ ಹೆಜ್ಜೆ ಇಡುವಳು. ಬಲಗೈ ಮೈಯಿಂದ ಒಂದಿಷ್ಟು ದೂರ ಬಾಗಿ, ಯಾರದೋ ಕಂಕುಳಿಗೆ ಆಸರೆ ಕೊಟ್ಟಂತೆಯೇ ಇರುವುದು. ದೊಡ್ಡೇರಿಯಿಂದ ಮಧುಗಿರಿಗೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರುಗಳಿಗೆ ಈ ನಡಿಗೆಯ ಪರಿಚಯವಿತ್ತು. ದೂರದಲ್ಲಿ ಆಕೆ ಕಂಡರೆ ವಿಸಲ್ ಊದದೆ ಕಾಯುತ್ತಿದ್ದರು, ಬೈದುಕೊಂಡೇ ಕಾಯುತ್ತಿದ್ದರು.

ಸೀರೆಯ ಮೇಲೆ ಆಕೆ ತೊಡುತ್ತಿದ್ದ ಕಡುಹಸಿರು ಬಣ್ಣದ ಅರ್ಧತೋಳಿನ ಕೋಟು ಆ ಆಸ್ಪತ್ರೆಯದೇ. ಕೆಲಸ ಬಿಡುವ ದಿನ ಜೇಬಿನ ಮೇಲಿನ ಲಾಂಛನವನ್ನು ಅಲ್ಲಿಯವರು ಬ್ಲೇಡಿನಿಂದ ಕತ್ತರಿಸಿಕೊಂಡು ಕೋಟನ್ನು ಆಕೆಗೇ ಬಿಟ್ಟಿದ್ದರಂತೆ. ತೂತಾದ ಜಾಗಕ್ಕೆ ಹಳೆಯ ರವಿಕೆಯ ತುಂಡೊಂದನ್ನು ಒತ್ತೊತ್ತಾಗಿ ಹೊಲಿದುಕೊಂಡಿದ್ದಳು. ಮಧುಗಿರಿ, ಕೊರಟಗೆರೆ, ಶಿರಾ ಸುತ್ತಮುತ್ತ ಹೃದಯದ ಆಪರೇಷನ್ ಆಗಿ ಮನೆಗೆ ಬಂದವರ ಆರೈಕೆಗೆ ಈ ಕೋಟಿನ ಹೆಂಗಸನ್ನು ಕರೆಸುವುದು ರೂಢಿಯಾಗಿ, ಜನ ಆಕೆಯನ್ನು ‘ಹಾರ್ಟ್ ದಾಸಮ್ಮ’ ಎಂದೇ ಕರೆಯುತ್ತಿದ್ದರು. ಮಂಡಿ ನೋವಿನವರು ಕರೆದರೆ ಹೋಗುತ್ತಿರಲಿಲ್ಲ; ಪಾರ್ಶ್ವವಾಯುವಿನವರು ಅಂಗಲಾಚಿದರೂ ಹೋಗುತ್ತಿರಲಿಲ್ಲ. “ನಂಗೆ ಎದೆ ಒಂದೇ ಗೊತ್ತಿರೋದು” ಎನ್ನುವಳು.

ನನ್ನ ದೊಡ್ಡಪ್ಪ ವೃಷಭೇಂದ್ರಪ್ಪನವರಿಗೆ ಮೂರು ಕಡೆ ರಕ್ತನಾಳ ಕಟ್ಟಿಕೊಂಡು ಬೈಪಾಸ್ ಆದಾಗ ಆಕೆ ನಮ್ಮ ಮನೆಗೆ ಬಂದಳು. ನಮ್ಮದು ಮಧುಗಿರಿಯಲ್ಲಿ ಹುಣಸೆಹಣ್ಣಿನ ಮಂಡಿ ನಡೆಸುವ ಮನೆತನ. ಬೀದಿಯಲ್ಲಿ ಅರ್ಧ ಮನೆಗಳು ನಮ್ಮವು ಅಥವಾ ನಮ್ಮವರವು. ನಾನೊಬ್ಬ ಮಾತ್ರ ವ್ಯಾಪಾರಕ್ಕೆ ಹೊಂದದೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು. ತಂದೆಯಿಲ್ಲದ ನನ್ನನ್ನು ಓದಿಸಿದವರು ದೊಡ್ಡಪ್ಪ. ಬೆಂಗಳೂರಿನಿಂದ ಅವರನ್ನು ಕಾರಿನಲ್ಲಿ ಕರೆತರುವಾಗ ಪಕ್ಕದಲ್ಲಿ ಕೂತಿದ್ದವನೂ ನಾನೇ. ಕೊರಟಗೆರೆ ದಾಟಿದ ಮೇಲೆ ರಸ್ತೆಯ ಒಂದೊಂದು ಉಬ್ಬಿಗೂ ಅವರು ದಿಂಬನ್ನು ಎದೆಗೆ ಅವುಚಿಕೊಂಡು “ಶಿವಾ” ಎನ್ನುತ್ತಿದ್ದರು. ಮಂಡಿಯಲ್ಲಿ ಕೂತು ನೂರಾರು ಹಮಾಲರನ್ನು ಕಣ್ಸನ್ನೆಯಲ್ಲೇ ಓಡಾಡಿಸಿದ ಆ ಮನುಷ್ಯ ಕೆಮ್ಮು ಬಂದೀತೆಂಬ ಹೆದರಿಕೆಯಲ್ಲಿ ಉಗುಳು ನುಂಗುವುದಕ್ಕೂ ಯೋಚಿಸುತ್ತಿದ್ದರು.

ದಾಸಮ್ಮ ಬಂದದ್ದು ಮಾರನೆಯ ದಿನ. ತೊಂಬತ್ತು ದಿನ, ಬೆಳಗ್ಗೆ ಏಳರಿಂದ ಸಂಜೆ ಆರು, ಅಷ್ಟೇ ಎಂದು ಹೊಸಲಿನಾಚೆಯೇ ನಿಂತು ಒಪ್ಪಂದ ಮುಗಿಸಿ ಒಳಗೆ ಬಂದಳು. ಮೊದಲ ಅರ್ಧ ಗಂಟೆಯಲ್ಲಿ ಮಂಚವನ್ನು ಗೋಡೆಯಿಂದ ಎಳೆಸಿದಳು; ಎದ್ದೇಳಲು ಕೈಯೂರುವ ಅಭ್ಯಾಸ ಹೋಗಲೆಂದು ದೊಡ್ಡಪ್ಪನ ಕುರ್ಚಿಯನ್ನು ತೆಗೆಸಿ ಕೈಯಿಲ್ಲದ ಮುಕ್ಕಾಲಿ ಹಾಕಿಸಿದಳು; ಅಡುಗೆಮನೆಯ ಬಾಗಿಲಲ್ಲಿ, ಹೊಸಲಿನ ಈಚೆಗೆ ನಿಂತು ಉಪ್ಪಿನ ಡಬ್ಬಿ ತೋರಿಸಿರೆಂದು ಕೇಳಿ, “ಇದ್ರಾಗೆ ಕಾಲು ಭಾಗ” ಎಂದು ಅಪ್ಪಣೆ ಮಾಡಿದಳು. ನನ್ನ ದೊಡ್ಡಮ್ಮ ಜಗದಾಂಬ ಆ ಮನೆಯಲ್ಲಿ ನಲವತ್ತು ವರ್ಷದಿಂದ ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಅಂದು ಕೇಳಿದರು.

ಎಲ್ಲಕ್ಕಿಂತ ಸೂಕ್ಷ್ಮದ ಪ್ರಸಂಗ ಬಂದದ್ದು ಇಷ್ಟಲಿಂಗದಿಂದ. ಕೊರಳಿನಿಂದ ಇಳಿಬಿದ್ದ ಲಿಂಗದ ಕರಡಿಗೆ ಸರಿಯಾಗಿ ಹೊಲಿಗೆಯ ಮೇಲೆ ಕೂತು ಉಜ್ಜುತ್ತಿತ್ತು. ತೆಗೆಯಬೇಕು ಎಂದಳು ದಾಸಮ್ಮ. ಉಸಿರಿರುವವರೆಗೂ ತೆಗೆಯುವ ಹಾಗಿಲ್ಲ ಎಂದರು ದೊಡ್ಡಮ್ಮ. ಕೊನೆಗೆ ದಾಸಮ್ಮನೇ ದಾರಿ ಹೇಳಿದಳು: ರಟ್ಟೆಗೆ ಕಟ್ಟಿಕೊಳ್ಳಲಿ. “ನಾನು ಮುಟ್ಟಲ್ಲ ಅಮ್ನೋರೇ. ನೀವೇ ಕಟ್ಟಿ, ನಾನು ಆ ಕಡೆ ತಿರುಕ್ಕೊಂಡಿರ್ತೀನಿ” ಎಂದು ಗೋಡೆಯತ್ತ ಮುಖ ಮಾಡಿ ನಿಂತಳು. ಎದೆಯ ಗಾಯವನ್ನು ದಿನಕ್ಕೆರಡು ಸಲ ಒರೆಸುವವಳು, ಮಲ ಹೊತ್ತು ಹಾಕುವವಳು, ಆ ಎರಡು ನಿಮಿಷ ಸುಣ್ಣದ ಗೋಡೆಯನ್ನು ನೋಡುತ್ತ ನಿಂತಿದ್ದಳು. ದೊಡ್ಡಮ್ಮ ನನ್ನ ಕಡೆ ನೋಡಿ ಮೆಚ್ಚುಗೆಯಿಂದ ತಲೆದೂಗಿದರು.

ಇಂಥದೇ ಮೆಚ್ಚುಗೆ ಆಕೆಯ ಬುತ್ತಿಯ ವಿಷಯದಲ್ಲೂ ಇತ್ತು. ದಾಸಮ್ಮ ತನ್ನ ರಾಗಿಮುದ್ದೆಯನ್ನು ತಾನೇ ತರುವಳು. ನೀರನ್ನೂ ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ದೊಡ್ಡೇರಿಯಿಂದಲೇ ಹೊತ್ತು ತರುವಳು. ಮಧ್ಯಾಹ್ನ ಹಿತ್ತಿಲಿನ ಕರಿಬೇವಿನ ಗಿಡದ ಕೆಳಗಿನ ಚಪ್ಪಡಿಯ ಮೇಲೆ ಕೂತು ಉಂಡು, ಅಲ್ಲೇ ಕೈತೊಳೆಯುವಳು. ನಮ್ಮ ಮನೆಯ ಒಂದು ಲೋಟ ನೀರನ್ನು ಆಕೆ ಎಂದೂ ಕುಡಿಯಲಿಲ್ಲ. “ಪಾಪ, ಹೇಳಿಸ್ಕೊಳ್ದೆ ತಾನೇ ತಿಳ್ಕೊಂಡಿದಾಳೆ” ಎನ್ನುತ್ತಿದ್ದರು ದೊಡ್ಡಮ್ಮ. ನಮ್ಮ ಕೈಯಿಂದ ಆಗಬೇಕಾಗಿದ್ದ ಕ್ಷುದ್ರತೆಯನ್ನು ಆಕೆ ತಾನೇ ಮಾಡಿ ಮುಗಿಸಿ ನಮ್ಮನ್ನು ಸಭ್ಯರಾಗಿ ಉಳಿಸಿದ್ದಳು. ತರಗತಿಯಲ್ಲಿ ಸಮಾನತೆಯ ಮೇಲೆ ಗಂಟೆಗಟ್ಟಲೆ ಮಾತಾಡುವ ನನಗೆ ಇದು ಚುಚ್ಚಿ ಒಂದು ದಿನ ಕೇಳಿದೆ: “ನೀರಾದರೂ ಇಲ್ಲೇ ಕುಡಿಯಬಹುದಲ್ಲ ದಾಸಮ್ಮ? ಅಷ್ಟು ದೂರದಿಂದ ಯಾಕೆ ಹೊತ್ತು ತರ್ತೀಯ?”

ಆಕೆ ನನ್ನನ್ನೇ ನೋಡಿ, “ಕೊಟ್ಟಿದ್ರೆ ಯಾವ ಲೋಟದಾಗೆ ಕೊಡ್ತಿದ್ರಿ ಮೇಷ್ಟ್ರೇ?” ಎಂದಳು.

ನನಗಿಂತ ಹತ್ತು ವರ್ಷ ಹಿರಿಯಳನ್ನು ನಾನು ‘ನೀನು’ ಎನ್ನುತ್ತಿದ್ದೇನೆ, ಆಕೆ ನನ್ನನ್ನು ‘ನೀವು’ ಎನ್ನುತ್ತಿದ್ದಾಳೆ ಎಂಬುದು ಆ ಗಳಿಗೆಯಲ್ಲಿ ಮೊದಲ ಬಾರಿಗೆ ನನ್ನ ಕಿವಿಗೆ ಬಿತ್ತು. ಮರುದಿನದಿಂದಲೂ ‘ನೀನು’ ಎಂದೇ ಕರೆದೆ.

ಕೆಲಸದಲ್ಲಿ ಆಕೆ ನಿರ್ದಯಿ. ಕೆಮ್ಮು ಬರಿಸುವುದೇ ಮೊದಲ ಪಾಠ. ದಿಂಬನ್ನು ಎದೆಗೆ ಒತ್ತಿ ಹಿಡಿಸಿ, ತನ್ನೆರಡು ಅಂಗೈಗಳನ್ನು ಅದರ ಮೇಲಿಟ್ಟು, “ಕೆಮ್ಮಿ” ಎನ್ನುವಳು. ದೊಡ್ಡಪ್ಪ ಒಲ್ಲೆ ಎಂದು ತಲೆಯಾಡಿಸುವರು. “ಕಫ ಒಳಗೆ ಉಳಿದ್ರೆ ನಿಮೋನಿಯಾ. ಆಮೇಲೆ ನಾನಿಲ್ಲ. ಕೆಮ್ಮಿ” ಎಂದು ಗದರುವಳು. ಮೂರು ಚೆಂಡುಗಳ ಉಸಿರಿನ ಯಂತ್ರವೊಂದಿತ್ತು. ಉಸಿರೆಳೆದರೆ ಚೆಂಡುಗಳು ಒಂದೊಂದಾಗಿ ಮೇಲೇರಬೇಕು. ಮೂರನೆಯ ಚೆಂಡು ಏಳುವವರೆಗೂ ದೊಡ್ಡಪ್ಪನಿಗೆ ಬೆಳಗಿನ ಕಾಫಿ ಇಲ್ಲ. ನೋಡಲು ಬಂದವರನ್ನು ಜಗಲಿಯಲ್ಲೇ ಕೂರಿಸಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಮೂರು ನಿಮಿಷಕ್ಕೆ ಎಬ್ಬಿಸುವಳು. ಜವಳಿ ಅಂಗಡಿಯ ಚಂದ್ರಶೇಖರಯ್ಯನವರು, ಶಿರಾದಲ್ಲಿ ತಮ್ಮ ಬೀಗರೊಬ್ಬರು ಇಂಥದೇ ಆಪರೇಷನ್ನಾದ ಹನ್ನೆರಡನೆಯ ದಿನ ಬಚ್ಚಲಿನಲ್ಲಿ ಕುಸಿದ ಕಥೆಯನ್ನು ರಸವತ್ತಾಗಿ ಆರಂಭಿಸಿದಾಗ, ದಾಸಮ್ಮ ಅವರ ತೋಳು ಹಿಡಿದೇ ಎಬ್ಬಿಸಿ, “ಏಳಿ ಸಾವ್ಕಾರ್ರೇ. ಸತ್ತೋರ ಕತೆ ಆಚೆ ಹೇಳ್ಕೊಳಿ” ಎಂದು ಹೊರಗೆ ಕಳಿಸಿದಳು. ತಮ್ಮ ತೋಳನ್ನು ಯಾರು ಮುಟ್ಟಿದರೆಂದು ಚಂದ್ರಶೇಖರಯ್ಯನವರಿಗೆ ಹೊಳೆದದ್ದು ಬೀದಿಗೆ ಬಂದ ಮೇಲೆ. ಆಮೇಲೆ ಬಹಳ ಕಾಲ ಅವರು ನಮ್ಮ ಮನೆಗೆ ಬರಲಿಲ್ಲ.

ನಾಲ್ಕನೆಯ ವಾರದಲ್ಲಿ ಒಂದು ಬೆಳಗ್ಗೆ ದೊಡ್ಡಪ್ಪ ಅಳತೊಡಗಿದರು. ನೋವಿರಲಿಲ್ಲ, ಕಾರಣವಿರಲಿಲ್ಲ, ಅಜ್ಜಿ ಸತ್ತಾಗಲೂ ಅಳದವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಮಗ ಚಿರಂಜೀವಿ ಗಾಬರಿಯಿಂದ ಬೆಂಗಳೂರಿಗೆ ಫೋನು ಹಚ್ಚಿದ. ದೊಡ್ಡಮ್ಮ ವಿಭೂತಿ ತಂದರು. ದಾಸಮ್ಮ ಮಾತ್ರ, “ಎದೆ ಕುಯ್ಸ್ಕೊಂಡೋರು ಎಲ್ರೂ ಅಳ್ತಾರೆ. ಯಾಕೆ ಅಂತ ಕೇಳ್ಬ್ಯಾಡಿ, ಅವ್ರಿಗೂ ಗೊತ್ತಿರಕ್ಕಿಲ್ಲ. ಒಂದು ಟವೆಲ್ ಕೊಡಿ” ಎಂದು ಎಲ್ಲರನ್ನೂ ಆಚೆ ಕಳಿಸಿ ಪಕ್ಕದಲ್ಲಿ ಸುಮ್ಮನೆ ಕೂತಳು. ಬಾಗಿಲ ಬಳಿ ನಿಂತಿದ್ದ ನನಗೆ ಕಾಣಿಸುತ್ತಿತ್ತು: ಬಹಳ ಹೊತ್ತಿನ ಮೇಲೆ ದೊಡ್ಡಪ್ಪ ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡರು.

“ನೀನು ನನ್ನ ಹೆತ್ತವ್ವ ಇದ್ದಂಗೆ ಕಣಮ್ಮ. ಏನ್ ಬೇಕು ಕೇಳು. ಇಲ್ಲ ಅಂದ್ರೆ ನನ್ನಾಣೆ.”

“ಸದ್ಯಕ್ಕೆ ಮೂರನೇ ಚೆಂಡು ಎತ್ತಿ, ಸಾಕು” ಎಂದಳು ದಾಸಮ್ಮ.

ಆದರೆ ಆಕೆಗೆ ಬೇಕಾದದ್ದೊಂದು ಇತ್ತು. ಮಗಳು ವೇದಾವತಿ ಸರ್ಕಾರಿ ಶಾಲೆಯ ಟೀಚರಾಗಿ ಮಧುಗಿರಿಗೆ ಬಂದು ವರ್ಷವಾಗಿರಲಿಲ್ಲ; ಎಂಟು ತಿಂಗಳ ಕೂಸು. ಹೆರಿಗೆ ರಜೆ ಮುಗಿದ ಮೇಲೆ ಕೂಸನ್ನು ಹಳ್ಳಿಯಲ್ಲಿ ನೆರೆಮನೆಯ ಕೆಂಚಮ್ಮನ ಬಳಿ ಬಿಟ್ಟು, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುತ್ತಿದ್ದಳು. ಮಧ್ಯಾಹ್ನವಾಗುತ್ತಲೇ ಹಾಲು ಕಟ್ಟಿಕೊಂಡು ಎದೆ ಕಲ್ಲಾಗುವುದು; ಶಾಲೆಯ ಶೌಚಾಲಯದಲ್ಲಿ ಹಿಂಡಿ ಚೆಲ್ಲಿ ಬಂದು ಮತ್ತೆ ಪಾಠ ಮಾಡಬೇಕಿತ್ತು. ಊರಿನೊಳಗೆ ಒಂದು ಮನೆ ಸಿಕ್ಕಿದರೆ ಮಧ್ಯಾಹ್ನದ ಬಿಡುವಿನಲ್ಲಿ ಓಡಿಹೋಗಿ ಹಾಲೂಡಿ ಬರಬಹುದು. ನಾಲ್ಕು ತಿಂಗಳಿಂದ ಹುಡುಕುತ್ತಿದ್ದರು. ಬಾಡಿಗೆಯ ಬೋರ್ಡು ನೋಡಿ ಒಳಗೆ ಹೋದರೆ ಮನೆ ತೋರಿಸುತ್ತಿದ್ದರು, ನಲ್ಲಿ ತಿರುಗಿಸಿ ನೀರು ತೋರಿಸುತ್ತಿದ್ದರು, ಕೊನೆಗೆ “ನೀವು ಯಾವ ಪೈಕಿ?” ಎನ್ನುತ್ತಿದ್ದರು. ಇತ್ತ ನಮ್ಮ ಮನೆಯಿಂದ ನಾಲ್ಕನೆಯದು ದೊಡ್ಡಪ್ಪನದೇ ಎರಡು ಕೋಣೆಯ ಮನೆ. ಬಾಡಿಗೆಗಿದ್ದ ಬ್ಯಾಂಕಿನವರು ಯುಗಾದಿಗೆ ಖಾಲಿ ಮಾಡಿದ್ದರು. ಕಿಟಕಿಯ ಸರಳಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ರಟ್ಟು ತೂಗುತ್ತಿತ್ತು.

ದೊಡ್ಡಪ್ಪ ಆಣೆಯಿಟ್ಟ ನಾಲ್ಕನೆಯ ದಿನ ಆಕೆ ಅದನ್ನು ಕೇಳಿದಳು. ಎಲ್ಲರಿಗೂ ಕೊಟ್ಟಷ್ಟೇ ಬಾಡಿಗೆ ನಾವೂ ಕೊಡುತ್ತೇವೆ ಎಂದಳು. ನನ್ನ ಕಡೆ ತಿರುಗಿ, “ನಮ್ಮ ವೇದಾ ಕಾಲೇಜಿನಾಗೆ ನಿಮ್ಮತ್ರ ಓದಿದೋಳು ಮೇಷ್ಟ್ರೇ. ಅಲ್ಲಿ ಸರ್ ಅವ್ರೆ, ಧೈರ್ಯವಾಗಿ ಕೇಳಮ್ಮ ಅಂದ್ಲು” ಎಂದು ಸೇರಿಸಿದಳು. ನನಗೆ ವೇದಾವತಿಯ ನೆನಪು ಚೆನ್ನಾಗಿಯೇ ಇತ್ತು. ಮುಂದಿನ ಬೆಂಚಿನಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ನಂಬಿ ಬರೆದುಕೊಳ್ಳುತ್ತಿದ್ದ ಹುಡುಗಿ.

“ನೋಡಾನ ಕಣಮ್ಮ” ಎಂದರು ದೊಡ್ಡಪ್ಪ. ಅವರ ದನಿಯಲ್ಲಿ ನಿಜವಾಗಿಯೂ ಕೊಡುವ ಮನಸ್ಸಿತ್ತೆಂದು ನಾನು ಈಗಲೂ ನಂಬುತ್ತೇನೆ. ಆ ಸಂಜೆ ದಾಸಮ್ಮ ಹೋದ ಮೇಲೆ ದೊಡ್ಡಮ್ಮ ಕೂಗಾಡಲಿಲ್ಲ, ಸಿಟ್ಟಾಗಲಿಲ್ಲ. “ಅವಳು ಒಳ್ಳೇವ್ಳೇ. ನಾನು ಬ್ಯಾಡ ಅಂತೀನಾ? ಆದ್ರೆ ಬೀದಿ ನಮ್ದೊಂದೇ ಅಲ್ವಲ್ಲ. ನಾಳೆ ಮನೇಲಿ ಕಾರ್ಯ ಆದ್ರೆ ಚಂದ್ರಶೇಖರಯ್ಯನೋರು ಊಟಕ್ಕೆ ಬರ್ತಾರಾ?” ಎಂದಷ್ಟೇ ಹೇಳಿದರು. ಬೆಳಗಾಗುವಷ್ಟರಲ್ಲಿ ಚಿರಂಜೀವಿ ಕಿಟಕಿಯ ರಟ್ಟನ್ನು ಬಿಚ್ಚಿ ಒಳಗೆ ತಂದಿದ್ದ. ದೊಡ್ಡಪ್ಪ ನನ್ನನ್ನು ಹತ್ತಿರ ಕರೆದು, ಎದೆಯ ಮೇಲೆ ಕೈಯಿಟ್ಟುಕೊಂಡು, “ನೀನೇ ಹೇಳ್ಬುಡಪ್ಪ ಭೂಷಣ. ನಾನು ಹೇಳಕ್ಕೋದ್ರೆ ಇಲ್ಲಿ ಬಡ್ಕೊಳುತ್ತೆ” ಎಂದರು.

ಮಧ್ಯಾಹ್ನ ಆಕೆ ಚಪ್ಪಡಿಯ ಮೇಲೆ ಉಣ್ಣುತ್ತಿದ್ದಾಗ ಹೋಗಿ ಹೇಳಿದೆ: ಆ ಮನೆಯನ್ನು ದೊಡ್ಡಮ್ಮನ ತಮ್ಮನಿಗೆ ಕೊಡುವುದೆಂದು ಮೊದಲೇ ಮಾತಾಗಿದೆ, ಶಿರಾದಿಂದ ಬರುತ್ತಿದ್ದಾರೆ. ಸುಳ್ಳು ಅಷ್ಟು ಸಲೀಸಾಗಿ, ಅಷ್ಟು ಶುದ್ಧ ವ್ಯಾಕರಣದಲ್ಲಿ ನನ್ನ ಬಾಯಿಂದ ಬಂದೀತೆಂದು ನಾನೇ ಎಣಿಸಿರಲಿಲ್ಲ.

“ಯಾವಾಗ ಬರ್ತಾರೆ?”

“ಮುಂದಿನ ತಿಂಗಳು.”

“ಬರ್ಲಿ ಬುಡಿ” ಎಂದು ಡಬ್ಬಿಯ ಮುಚ್ಚಳ ಹಾಕಿದಳು. ಡಬ್ಬಿಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು.

ಮಾರನೆಯ ದಿನ ಬರಲಾರಳೆಂದು ದೊಡ್ಡಮ್ಮ ಹೆದರಿದ್ದರು. ಏಳಕ್ಕೆ ಐದು ನಿಮಿಷವಿರುವಾಗ ಆಕೆ ಹೊಸಲಿನಲ್ಲಿದ್ದಳು. ಕೈಯ ಹದದಲ್ಲಿ ವ್ಯತ್ಯಾಸವಿಲ್ಲ; ಗದರುವ ದನಿಯಲ್ಲಿ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆಳಗಿನ ತೂಕವನ್ನು ಕ್ಯಾಲೆಂಡರಿನ ಆಯಾ ತಾರೀಕಿನ ಮನೆಯಲ್ಲಿ ಬರೆದಳು. ಆ ವಾರದಿಂದ ಬೀದಿಯ ನಡಿಗೆ ಆರಂಭ. ಮೊದಲ ದಿನ ನಾಲ್ಕು ಮನೆ ನಡೆಸಿ, ಆ ಬೀಗ ಹಾಕಿದ ಮನೆಯ ಗೇಟಿನ ಮುಂದೆ ನಿಲ್ಲಿಸಿ, “ಇಲ್ಲಿ ನಿಂತ್ಕೊಂಡು ಹತ್ತು ಉಸ್ರು ಎಳ್ಕೊಳಿ ಯಜಮಾನ್ರೇ” ಎಂದಳು. ಎರಡನೆಯ ದಿನವೂ ಅಲ್ಲೇ. ವಾರ ಕಳೆದು ದೂರ ಹೆಚ್ಚಿದ ಮೇಲೂ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಅಲ್ಲೇ. ದೊಡ್ಡಪ್ಪ ಗೇಟು ಹಿಡಿದುಕೊಂಡು, ಬೀಗ ಕಾಣದಂತೆ ಮುಖವನ್ನು ಬೆಟ್ಟದ ಕಡೆಗೆ ತಿರುಗಿಸಿ, ಹತ್ತು ಉಸಿರು ಎಣಿಸುವರು. ಒಂದು ದಿನ, “ಆ ಕಡೆ ಬೀದಿಗೆ ಹೋಗಾನ ದಾಸಮ್ಮ” ಎಂದರು. “ಆ ಕಡೆ ಏರು. ಇನ್ನೂ ಮೂರು ವಾರ ಏರು ಬ್ಯಾಡ ಅಂತ ಡಾಕ್ಟ್ರು ಚೀಟೀಲಿ ಬರ್ದವ್ರೆ” ಎಂದಳು. ಚೀಟಿ ತೆಗೆದು ನೋಡಿದೆ, ಹಾಗೆಯೇ ಬರೆದಿತ್ತು.

ನನಗೆ ತಡೆಯಲಾಗಲಿಲ್ಲ. ಹಿತ್ತಿಲಲ್ಲಿ ಸಿಕ್ಕಿದಾಗ, “ಅಲ್ಲೇ ನಿಲ್ಲಿಸಬೇಕಾ? ದೊಡ್ಡಪ್ಪನಿಗೆ ಬೇಜಾರಾಗ್ತಿದೆ” ಎಂದೆ.

“ಬೇಜಾರು ಅವ್ರಿಗಾ, ನಿಮಗಾ?” ಎಂದಳು. ಕೈಯಲ್ಲಿದ್ದ ಬೇಸಿನ್ನನ್ನು ಕೆಳಗಿಟ್ಟಳು. “ಸಿರಾದೋರು ಬರಕ್ಕಿಲ್ಲ ಅಂತ ಅವತ್ತೇ ಗೊತ್ತಾಯ್ತು ನಂಗೆ. ಯಜಮಾನ್ರಿಗೆ ಒಂದ್ಮಾತು ಆಡಿಲ್ಲ, ಆಡದೂ ಇಲ್ಲ. ಅದು ಹೊಲಿಗೆ ಹಾಕಿರೋ ಎದೆ, ಅದಕ್ಕೆ ನೋವಾಗೋ ಮಾತು ನನ್ನ ಬಾಯಾಗೆ ಬರಬಾರ್ದು. ನಿಮ್ಮ ಎದೆಗೇನಾಗೈತೆ ಮೇಷ್ಟ್ರೇ? ಚೆನ್ನಾಗೇ ಐತಲ್ಲ. ಅದಕ್ಕೇ ನಿಮಗೆ ಹೇಳ್ತಾ ಇವ್ನಿ. ನಮ್ ಕೂಸು ಮೊನ್ನೆಯಿಂದ ಹಾಲು ಬುಟ್ಬುಡ್ತು. ಅಮ್ಮ ಸಂಜೆ ಬಂದು ಎತ್ಕೊಂಡ್ರೂ ಬಾಯಿ ಹಾಕಕ್ಕಿಲ್ಲ.”

ತೊಂಬತ್ತನೆಯ ದಿನ ದೊಡ್ಡಪ್ಪನನ್ನು ತಾರಸಿಯ ಮೆಟ್ಟಿಲು ಹತ್ತಿಸಿ, ಇಳಿಸಿ, ನಾಡಿ ನೋಡಿದಳು. “ಇನ್ನು ನಾನು ಬ್ಯಾಡ” ಎಂದಳು. ಇನ್ನೊಂದು ತಿಂಗಳು ಇರೆಂದು ಚಿರಂಜೀವಿ ಎಷ್ಟು ಹೇಳಿದರೂ ಒಪ್ಪಲಿಲ್ಲ. ದೊಡ್ಡಮ್ಮ ತಟ್ಟೆಯಲ್ಲಿ ಒಳ್ಳೆಯ ಸೀರೆ, ರವಿಕೆ ಕಣ, ಬಾಳೆಹಣ್ಣು, ಎಲೆಯಡಿಕೆ ಜೋಡಿಸಿಕೊಂಡು ಬಂದು ಜಗಲಿಯ ಕಟ್ಟೆಯ ಮೇಲಿಟ್ಟು, “ತಗೊಳಮ್ಮ” ಎಂದರು.

“ಕೈಗೆ ಕೊಡಿ ಅಮ್ನೋರೇ, ತಗೋತೀನಿ.”

“ಪೂಜೆಗೆ ಅಂತ ಮೈಗೆ ನೀರಾಕ್ಕೊಂಡಿದೀನಿ ಕಣಮ್ಮ.”

ದಾಸಮ್ಮ ಒಂದು ನಿಮಿಷ ಕಾದಳು. ದೊಡ್ಡಪ್ಪ ಮುಕ್ಕಾಲಿಯ ಮೇಲೆ ಕೂತಿದ್ದರು, ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಇಬ್ಬರಲ್ಲಿ ಯಾರಾದರೂ ತಟ್ಟೆಯನ್ನೆತ್ತಿ ಆಕೆಯ ಕೈಗೆ ಕೊಡಬಹುದಾಗಿತ್ತು. ಆಕೆ ಕೋಟನ್ನು ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದಳು. ಬಾಳೆಹಣ್ಣಿಗೆ ಇರುವೆ ಮುತ್ತುವವರೆಗೂ ತಟ್ಟೆ ಕಟ್ಟೆಯ ಮೇಲಿತ್ತು.

ವೇದಾವತಿ ಪರಸ್ಪರ ವರ್ಗಾವಣೆ ಮಾಡಿಸಿಕೊಂಡು ಪಾವಗಡಕ್ಕೆ ಹೋದಳೆಂದೂ, ದಾಸಮ್ಮ ಮಗಳ ಜೊತೆಗೇ ಹೊರಟುಹೋದಳೆಂದೂ ತಿಳಿಯಿತು. ಮಧುಗಿರಿಯ ಸುತ್ತಮುತ್ತ ಎದೆಯ ರೋಗಿಗಳಿಗೆ ಆಮೇಲೆ ಯಾರೂ ಇಲ್ಲ. ವರ್ಷದ ಮೇಲೆ ದೊಡ್ಡಪ್ಪನಿಗೆ ಮತ್ತೆ ಉಸಿರು ಕಟ್ಟತೊಡಗಿತು. ಹೃದಯ ದುರ್ಬಲವಾಗಿ ಶ್ವಾಸಕೋಶದಲ್ಲಿ ನೀರು ನಿಂತಿದೆ ಎಂದರು. ಹತ್ತು ದಿನ ಬೆಂಗಳೂರಿನಲ್ಲಿಟ್ಟು ಕಳಿಸಿದರು. ಆರೈಕೆಗೆಂದು ತುಮಕೂರಿನಿಂದ ಕರೆಸಿದ ಹೆಂಗಸು ಮೂರು ದಿನ ಮೊಬೈಲು ನೋಡುತ್ತ ಕೂತಿದ್ದು ನಾಲ್ಕನೆಯ ದಿನ ಬರಲಿಲ್ಲ. ದೊಡ್ಡಪ್ಪ ನನ್ನನ್ನು ಕರೆದು ಬೀಗದ ಕೈಯೊಂದನ್ನು ಅಂಗೈಯಲ್ಲಿಟ್ಟರು.

“ದಾಸಮ್ಮನ್ನ ಕರ್ಕೊಂಡು ಬಾರಪ್ಪ. ಮನೆ ಕೊಡ್ತೀನಿ ಅನ್ನು. ಇವತ್ತೇ ಬರ್ಲಿ ಅನ್ನು.”

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಬೇಡವೆನ್ನಲಿಲ್ಲ.

ಪಾವಗಡದಲ್ಲಿ ಅವರಿದ್ದದ್ದು ತೆಲುಗು ಮಾತಿನ ಮುದುಕಿಯೊಬ್ಬಳ ಮನೆಯ ಮಗ್ಗುಲು ಭಾಗದಲ್ಲಿ. “ದಾಸಮ್ಮಾ, ಎವರೋ ವಚ್ಚಿನಾರು ಚೂಡು” ಎಂದು, ಯಾರೋ ಬಂದಿದ್ದಾರೆಂದು ತಿಳಿಸಿ ಆಕೆ ಕೂಗಿದ ಮೇಲೆ ವೇದಾವತಿ ಹೊರಗೆ ಬಂದು, ನನ್ನನ್ನು ನೋಡಿ ಒಂದು ಗಳಿಗೆ ನಿಂತು, “ಬನ್ನಿ ಸರ್” ಎಂದಳು. ಒಳಗೆ ಗೂಡಿನಲ್ಲಿ ಬುದ್ಧನ ಚಿಕ್ಕ ಪ್ರತಿಮೆ. ನಡೆಯಲು ಕಲಿತ ಮಗು ಅದರ ಮುಂದಿನ ಹೂವನ್ನು ಕಿತ್ತು ಚೆಲ್ಲುತ್ತಿತ್ತು. ಕಾಫಿ ಕೊಟ್ಟರು. ನಾನು ದೊಡ್ಡಪ್ಪನ ಸ್ಥಿತಿಯನ್ನು ಹೇಳಿ, ಬೀಗದ ಕೈಯನ್ನು ಚಾಪೆಯ ಮೇಲಿಟ್ಟೆ. ದಾಸಮ್ಮ ಅದನ್ನು ಮುಟ್ಟಲಿಲ್ಲ.

“ಯಜಮಾನ್ರು ವಾಸಿ ಆಗೋಗಂಟ ಮನೆ ನಮ್ದು. ವಾಸಿ ಆದ್ಮೇಲೆ?”

ನಾನು ಬೀಗದ ಕೈಯನ್ನು ಆಕೆಯ ಕಡೆಗೆ ಇನ್ನೊಂದಿಷ್ಟು ಸರಿಸಿದೆ.

“ನಾನು ಬರಕ್ಕಿಲ್ಲ ಮೇಷ್ಟ್ರೇ” ಎಂದಳು. ಕೋಪವಿರಲಿಲ್ಲ, ಮಂಡಿನೋವಿನವರಿಗೆ ಹೇಳುತ್ತಿದ್ದ ಹಾಗೆಯೇ ಹೇಳಿದಳು. ಆಮೇಲೆ ಮಗಳಿಂದ ಒಂದು ನೋಟ್‌ಬುಕ್ ತರಿಸಿ ನನ್ನ ಮುಂದಿಟ್ಟು, “ಬರ್ಕೊಳಿ” ಎಂದಳು. ಬೆಳಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ಏನೂ ತಿನ್ನುವ ಮೊದಲು ತೂಕ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಕಾಯದೆ ಆಸ್ಪತ್ರೆ. ನೀರು, ಮಜ್ಜಿಗೆ, ಕಾಫಿ ಎಲ್ಲ ಸೇರಿ ಡಾಕ್ಟರು ಹೇಳಿದ ಅಳತೆ ಮೀರಬಾರದು. ಮಲಗುವಾಗ ಮೂರು ದಿಂಬು. ಉಸಿರು ಕಟ್ಟಿದರೆ ಎಬ್ಬಿಸಿ ಕೂರಿಸಿ ಕಾಲು ಇಳಿಬಿಡಿಸಿ. ಬೆನ್ನಿನ ಮೂಳೆಯ ಹತ್ತಿರ ಚರ್ಮ ಕೆಂಪಾಗಿದೆಯೇ ದಿನಾ ನೋಡಿ. “ಹೆದರ್ಕೊಂಡಾಗ ಪಕ್ಕದಾಗೆ ಕುಂತ್ಕೊಳಿ. ಮಾತಾಡ್ಬ್ಯಾಡಿ, ನಿಮಗೆ ಮಾತು ಜಾಸ್ತಿ.” ನಾನು ಬರೆಯುವ ವೇಗಕ್ಕೆ ತಕ್ಕಂತೆ ನಿಧಾನವಾಗಿ, ಒಂದನ್ನೂ ಬಿಡದೆ, ಎರಡೂವರೆ ಪುಟ ಹೇಳಿದಳು. ಕೊನೆಗೆ, “ಇಷ್ಟು ಮಾಡಕ್ಕೆ ನಿಮ್ಮನೇವ್ರಿಗೂ ಕೈ ಅವೆ” ಎಂದು ಎದ್ದಳು.

ಊರಿಗೆ ಬಂದು ದೊಡ್ಡಪ್ಪನಿಗೆ ಇದ್ದದ್ದನ್ನೇ ಹೇಳಿದೆ. ಅವರು ಗೋಡೆಯ ಕಡೆಗೆ ಹೊರಳಿದರು. ಎರಡೂವರೆ ಪುಟವನ್ನು ಹಿಡಿದುಕೊಂಡು ನಾನೂ ಚಿರಂಜೀವಿಯೂ ಸರದಿಯ ಮೇಲೆ ಮಾಡಿದೆವು. ಮೊದಲ ದಿನ ಬೆಡ್‌ಪ್ಯಾನ್ ತೊಳೆದು ಬಂದು ಚಿರಂಜೀವಿ ಊಟ ಮಾಡಲಿಲ್ಲ; ಮೈ ಒರೆಸುವಾಗ ನನ್ನ ಕೈ ಒರಟಾಗಿ ಅವರಿಗೆ ನೋವಾಗುತ್ತಿತ್ತು, ಹೇಳುತ್ತಿರಲಿಲ್ಲ. ಐದು ತಿಂಗಳು ಉಳಿದರು. ಆಷಾಢದ ಒಂದು ಬೆಳಗ್ಗೆ, ಕೂರಿಸಿ ಕಾಲು ಇಳಿಬಿಡಿಸಿದ ಭಂಗಿಯಲ್ಲಿಯೇ, ನನ್ನ ಭುಜದ ಮೇಲೆ ತಲೆಯಿಟ್ಟು ಹೋದರು. ಹನ್ನೊಂದನೆಯ ದಿನ ಬಂದ ನೆಂಟರಿಗೆಲ್ಲ ದೊಡ್ಡಮ್ಮ, “ಆ ದಾಸಮ್ಮ ಬಂದಿದ್ರೆ ಇನ್ನೂ ನಾಕು ವರ್ಷ ಇರ್ತಿದ್ರು. ಮನೆ ಕೊಡ್ತೀವಿ ಅಂದ್ರೂ ಬರ್ಲಿಲ್ಲ. ಕರುಣೆ ಇಲ್ದ ಹೆಂಗ್ಸು” ಎಂದು ಹೇಳಿಕೊಂಡು ಅತ್ತರು. ಚಂದ್ರಶೇಖರಯ್ಯನವರು ಊಟಕ್ಕೆ ಬಂದಿದ್ದರು. ಹೌದೌದು ಎಂದು ತಲೆಯಾಡಿಸಿದರು. ನಾಲ್ಕನೆಯ ಮನೆಗೆ ನಮ್ಮವರೇ ಆದ ಒಬ್ಬ ಇಂಜಿನಿಯರು ಬಾಡಿಗೆಗೆ ಬಂದಿದ್ದಾರೆ.

ದಾಸಮ್ಮನಂಥವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ: ಹೆರಿಗೆ ಮಾಡಿಸುವವರು, ಹಾಸಿಗೆ ಹಿಡಿದವರ ಮೈ ಒರೆಸುವವರು, ಸತ್ತವರ ಕಣ್ಣು ಮುಚ್ಚುವವರು. ಹೆಂಡತಿ ಮಕ್ಕಳೆದುರು ನಾವು ಅಳಲಾರದ ಅಳುವನ್ನು ಕಂಡವರು ಅವರು ಮಾತ್ರ. ಅವರನ್ನು ತಾಯಿ ಎನ್ನುತ್ತೇವೆ, ದೇವರು ಎನ್ನುತ್ತೇವೆ, ಕೈ ಹಿಡಿದುಕೊಂಡೇ ಎನ್ನುತ್ತೇವೆ. ಆ ಮಾತಿನಲ್ಲಿ ಕಪಟವಿಲ್ಲವೆಂಬುದೇ ಅದರ ಘೋರತೆ. ತಾಯಿಗೆ ಬಾಡಿಗೆಯ ಮನೆ ಬೇಕಾಗುವುದಿಲ್ಲ, ದೇವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುವುದಿಲ್ಲ; ಆದ್ದರಿಂದ ಆ ಹೆಸರುಗಳನ್ನು ಕೊಡುವುದು ನಮಗೆ ಸುಲಭ. ಅವರು ಕೇಳುವುದು ನೆರೆಯವರಾಗಿರುವುದನ್ನು. ಅದೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಕೊಡಲು ಸಿದ್ಧರಿರುವ ನಾವು, ಅವರು ಒಂದು ದಿನ ಬರುವುದಿಲ್ಲವೆಂದಾಗ, ಕರುಣೆಯೆಂಬುದು ಈ ಲೋಕದಿಂದ ಹೊರಟೇಹೋಯಿತೆಂದು ಬಹಳ ಪ್ರಾಮಾಣಿಕವಾಗಿ ದುಃಖಿಸುತ್ತೇವೆ.